ಡ್ಯುಯಲ್ ಬೂಟ್
ಒಂದೇ ಕಂಪ್ಯೂಟರಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಅಳವಡಿಸಿ, ಯಂತ್ರ ಚಾಲೂ ಆಗುವಾಗ ಬೇಕಾದುದನ್ನು ಆಯ್ದುಕೊಳ್ಳುವ ಏರ್ಪಾಡು. ವಿಂಡೋಸ್ ಜೊತೆ ಲಿನಕ್ಸ್ ಇರಿಸುವುದು ಹೆಚ್ಚು ರೂಢಿ. ಆಯ್ಕೆಪಟ್ಟಿಯನ್ನು ಸಾಮಾನ್ಯವಾಗಿ ಗ್ರಬ್ ಎಂಬ ಬೂಟ್ ಲೋಡರ್ ತೋರಿಸುತ್ತದೆ. ಹಳೆಯ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಒಂದೇ ಲೋಡರಿಗೆ ಜಾಗವಿತ್ತು. ಆಮೇಲೆ ಹಾಕಿದ ವಿಂಡೋಸ್ ಅಲ್ಲಿದ್ದುದನ್ನು ಅಳಿಸಿ ತನ್ನದನ್ನು ಬರೆಯುತ್ತಿತ್ತು. ಮೊದಲು ವಿಂಡೋಸ್, ನಂತರ ಲಿನಕ್ಸ್ ಎಂಬ ಕ್ರಮ ಬಂದದ್ದು ಹೀಗೆ. ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಎರಡರ ಲೋಡರುಗಳೂ ಒಂದೇ ಸಣ್ಣ ವಿಭಾಗದಲ್ಲಿ ಅಕ್ಕಪಕ್ಕ ಇರಬಲ್ಲವು. ಆದರೂ ಡಿಸ್ಕ್ ವಿಭಜಿಸುವ ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಲೇಬೇಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸುವುದೂ ಅಗತ್ಯ: ಅದು ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಪೂರ್ಣವಾಗುವುದಿಲ್ಲ, ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ವಿಂಡೋಸ್ ವಿಭಾಗಕ್ಕೆ ಬರೆದರೆ ದತ್ತಾಂಶ ಕೆಡಬಹುದು. ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ವಿಶ್ವ ಸಮಯವೆಂದೂ ಓದುವುದರಿಂದ, ಭಾರತದಲ್ಲಿ ಐದೂವರೆ ಗಂಟೆಯ ವ್ಯತ್ಯಾಸ ಕಾಣಿಸಬಹುದು.