ಅಹಿಫೇನವೂ ಅದರ ಸಹವಾಸಿಗಳೂ

ಚರಕ ಸುಶ್ರುತ ಸಂಹಿತೆಗಳಲ್ಲಿ ಅಹಿಫೇನದ ಹೆಸರಿಲ್ಲ. ಶಾರ್ಙ್ಗಧರನ ಕಾಲಕ್ಕೆ ಅದು ನಮ್ಮ ವೈದ್ಯರ ಕೈಸೇರಿದ್ದಿತು. ಅರಬರ ‘ಅಫ್ಯೂನ್’ ಶಬ್ದಕ್ಕೆ ಸಂಸ್ಕೃತದ ಮಡಿಯುಡಿಸಿ ‘ಹಾವಿನ ನೊರೆ’ ಎಂಬರ್ಥವನ್ನು ತಂದುಕೊಂಡವರು ವಸ್ತುವಿನ ಗುಣವನ್ನು ಬಲ್ಲವರೇ ಆಗಿರಬೇಕು. ಆದರೆ ಅಫೀಮಿನ ಚರಿತ್ರೆಯಲ್ಲಿ ವಿಚಾರಾರ್ಹವಾದುದು ಅಫೀಮೊಂದೇ ಅಲ್ಲ. ಅದರೊಡನೆ ಕೂಡಿಸಿದ ದ್ರವ್ಯವೂ ಅಷ್ಟೇ ವಿಚಾರಾರ್ಹವಾದುದು.

ಆಂಗ್ಲದೇಶದ ವೈದ್ಯ ಥಾಮಸ್ ಡೋವರನು ೧೭೩೨ರಲ್ಲಿ ತನ್ನ ಗ್ರಂಥದಲ್ಲಿ ಒಂದು ಚೂರ್ಣವನ್ನು ಪ್ರಕಟಿಸಿದನು. ಈತನು ಕೆಲಕಾಲ ಹಡಗಿನ ನಾಯಕನಾಗಿ ಶತ್ರುನೌಕೆಗಳನ್ನು ಸೂರೆಗೊಂಡವನು. ಸೆಲ್ಕರ್ಕನೆಂಬ ನಾವಿಕನನ್ನು ೧೭೦೯ರಲ್ಲಿ ನಿರ್ಜನ ದ್ವೀಪದಿಂದ ಕರೆತಂದ ಯಾನದಲ್ಲಿ ಈತನೂ ಇದ್ದನು. ಚೂರ್ಣದಲ್ಲಿ ಅಫೀಮು ಒಂದು ಔನ್ಸು, ವಾಂತಿಕಾರಕವಾದ ಇಪೆಕಾಕುವಾನಾ ಬೇರು ಒಂದು, ಅತಿಮಧುರ ಒಂದು, ಪೆಟ್ಲುಪ್ಪು ನಾಲ್ಕು, ಇನ್ನೊಂದು ಲವಣ ನಾಲ್ಕು. ಸಂಧಿವಾತದವರಿಗೆ ಆತನು ವಿಧಿಸಿದ್ದು ೪೦ರಿಂದ ೬೦ ಗ್ರೇನು. ಅಷ್ಟನ್ನು ಸೇವಿಸುವುದಕ್ಕೆ ಮೊದಲು ಮರಣಶಾಸನವನ್ನು ಬರೆದಿಡಿರೆಂದು ಕೆಲವು ಔಷಧ ವ್ಯಾಪಾರಿಗಳು ರೋಗಿಗಳಿಗೆ ಹೇಳುತ್ತಿದ್ದರಂತೆ! ಲೆಕ್ಕವಿಟ್ಟರೆ ಅವರ ಭೀತಿ ನಿಷ್ಕಾರಣವಲ್ಲ: ಹನ್ನೊಂದರಲ್ಲೊಂದು ಪಾಲಿನಂತೆ ೬೦ ಗ್ರೇನಿನಲ್ಲಿ ಸುಮಾರು ಐದೂವರೆ ಗ್ರೇನು ಅಫೀಮು. ತರುವಾಯದ ಔಷಧಕೋಶಗಳು ಪ್ರಮಾಣವನ್ನು ೫ರಿಂದ ೧೫ ಗ್ರೇನಿಗೆ ಇಳಿಸಿದವು.

ಇಪ್ಪತ್ತನೆಯ ಶತಮಾನದಲ್ಲಿ ಸಹವಾಸಿ ಬದಲಾಯಿತು. ಕೊಡೀನ್, ಹೈಡ್ರೊಕೊಡೋನ್, ಆಕ್ಸಿಕೊಡೋನ್ ಮುಂತಾದ ಅಫೀಮಿನ ಕುಲದ ಔಷಧಗಳೊಡನೆ ಒಂದೇ ಗುಳಿಗೆಯಲ್ಲಿ ಪ್ಯಾರಸಿಟಮಾಲ್ ಸೇರಿತು. ಎರಡೂ ಬೇರೆ ಬೇರೆ ಮಾರ್ಗದಿಂದ ನೋವನ್ನು ತಗ್ಗಿಸುವುದರಿಂದ ಅಫೀಮಿನ ಅಂಶ ಕಡಮೆಯೇ ಸಾಕೆಂಬುದು ಯುಕ್ತಿ. ಯುಕ್ತಿಯೇನೋ ಸರಿಯಾದುದೇ. ಆದರೆ ದಿನಗಳೆದಂತೆ ದೇಹವು ಅಫೀಮಿಗೆ ಒಗ್ಗಿಕೊಳ್ಳುವುದು, ರೋಗಿಯು ಗುಳಿಗೆಗಳನ್ನು ಹೆಚ್ಚಿಸುವನು. ಪ್ರತಿ ಗುಳಿಗೆಯೊಡನೆ ಪ್ಯಾರಸಿಟಮಾಲೂ ಒಳಸೇರುವುದು, ಯಕೃತ್ತು ಮಾತ್ರ ಅದಕ್ಕೆ ಹಾಗೆ ಒಗ್ಗದು. ಆರೋಗ್ಯವಂತ ವಯಸ್ಕನಿಗೂ ದಿನಕ್ಕೆ ೪ ಗ್ರಾಂ ಮೇರೆ; ಮದ್ಯಪಾನಿಗಳಿಗೂ ಯಕೃತ್ತಿನ ರೋಗಿಗಳಿಗೂ ಅದಕ್ಕಿಂತ ಕಡಮೆ. ನೆಗಡಿಗೆಂದು ಅಂಗಡಿಯಿಂದ ತಂದ ಮಾತ್ರೆಯಲ್ಲಿಯೂ ಅದೇ ಪದಾರ್ಥವಿರಬಹುದಾದುದರಿಂದ ಪೊಟ್ಟಣದ ಮೇಲಿನ ದೊಡ್ಡಕ್ಷರದ ಹೆಸರಿಗಿಂತ ಸಣ್ಣಕ್ಷರದ ಹೆಸರುಗಳೇ ಓದತಕ್ಕವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೧೧ರ ಜನವರಿಯಲ್ಲಿ ಇಂಥ ಒಂದು ಗುಳಿಗೆಯಲ್ಲಿ ಪ್ಯಾರಸಿಟಮಾಲ್ ೩೨೫ ಮಿಲಿಗ್ರಾಮಿಗೆ ಮೀರಕೂಡದೆಂದು ತಯಾರಕರಿಗೆ ಸೂಚಿಸಿತು. ಬ್ರಿಟನ್ನಿನಲ್ಲಿಯಾದರೋ ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಬೆರೆತ ಕೋಪ್ರಾಕ್ಸಮಾಲ್ ಎಂಬ ಗುಳಿಗೆಯನ್ನೇ ಹಿಂತೆಗೆದುಕೊಳ್ಳುವುದಾಗಿ ೨೦೦೫ರಲ್ಲಿ ಸಾರಲಾಯಿತು. ಅದರ ಅತಿಸೇವನೆಯಿಂದ ಉಸಿರೂ ಹೃದಯವೂ ಬಹುಬೇಗ ನಿಲ್ಲುತ್ತಿದ್ದವು.

ಮದ್ಯದೊಡನೆ, ಇಲ್ಲವೆ ನಿದ್ರೆಯ ಔಷಧದೊಡನೆ ಸೇವಿಸಿದರೆ ಅಫೀಮಿನ ಕುಲದವುಗಳೆಲ್ಲವೂ ಉಸಿರನ್ನು ಇನ್ನಷ್ಟು ಕುಗ್ಗಿಸುವುವು. ಎಬ್ಬಿಸಿದರೂ ಏಳದ ಮಂಪರು, ಮಂದವಾದ ಉಸಿರು, ನೀಲಿಗಟ್ಟಿದ ತುಟಿ, ಇವುಗಳನ್ನು ಕಂಡೊಡನೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ನಲಾಕ್ಸೋನ್ ಎಂಬ ಪ್ರತ್ಯೌಷಧವುಂಟು. ಆದರೆ ರೋಗಿಯು ಎಚ್ಚತ್ತು ಮಾತನಾಡಿದನೆಂದು ಮನೆಗೆ ಕರೆತರುವುದು ಸಲ್ಲದು; ನಲಾಕ್ಸೋನಿಗೆ ಪ್ಯಾರಸಿಟಮಾಲಿನ ಮೇಲೆ ಅಧಿಕಾರವಿಲ್ಲ. ಯಕೃತ್ತಿನ ಹಾನಿಯು ಮೊದಲ ದಿನ ಹೊರಗೆ ಕಾಣದೆಯೂ ಇರಬಹುದು. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಬೇರೆಯೇ ಪ್ರತ್ಯೌಷಧ, ಅದನ್ನು ಕೊಡುವುದು ಮೊದಲ ಎಂಟು ಗಂಟೆಗಳೊಳಗಾದರೆ ಉತ್ತಮ.