ಹೋಮರ್ ಕಥೋಲಿಕನಾದ ಕಥೆ



ಕಳೆದ ತಿಂಗಳು ನಮ್ಮ ಯುವಜನರ ಸಭೆ ಮುಗಿದ ಮೇಲೆ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ಕಾರ್ಟೂನ್ ತುಣುಕು ತೋರಿಸಿದ. ಅದರಲ್ಲಿ ಪಾಪನಿವೇದನೆಯ ಬಗ್ಗೆ ತಮಾಷೆ ಇತ್ತು. ಅರ್ಧ ಜನ ನಕ್ಕರು, ಅರ್ಧ ಜನ ಸುಮ್ಮನಾದರು. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ಒಬ್ಬರು ಅಮ್ಮ ಅದನ್ನು ನೋಡಿ, "ಇದನ್ನೆಲ್ಲ ಚರ್ಚಿನ ಅಂಗಳದಲ್ಲಿ ನೋಡ್ತೀರಾ ಮಕ್ಕಳೇ?" ಎಂದು ಕೇಳಿದರು. ಅವರಿಗೆ ಕೋಪಕ್ಕಿಂತ ಬೇಸರವೇ ಹೆಚ್ಚಾಗಿತ್ತು. ಆಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಆ ತುಣುಕು 'ದ ಸಿಂಪ್ಸನ್ಸ್' ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯದು. ಮನೆಗೆ ಬಂದು ಅದರ ಹಿನ್ನೆಲೆ ಹುಡುಕಿದಾಗ, ಆ ಅಮ್ಮ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಕ್ರೈಸ್ತರು ವರ್ಷಗಟ್ಟಲೆ ಕೇಳಿಕೊಂಡಿದ್ದಾರೆಂದು ತಿಳಿಯಿತು. ಕೊನೆಗೆ ವ್ಯಾಟಿಕನ್ನಿನ ಪತ್ರಿಕೆಯೂ ಇದರಲ್ಲಿ ಬಾಯಿ ಹಾಕಿತು. ಆ ಚರಿತ್ರೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಭಾನುವಾರ ಚರ್ಚಿಗೆ ಹೋಗುವ ಕುಟುಂಬ

ಮ್ಯಾಟ್ ಗ್ರೇನಿಂಗ್ ಸೃಷ್ಟಿಸಿದ ಈ ಧಾರಾವಾಹಿ ಫಾಕ್ಸ್ ವಾಹಿನಿಯಲ್ಲಿ 1989ರ ಡಿಸೆಂಬರ್ 17ರಂದು ಶುರುವಾಯಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತ ಊರು. ಅಪ್ಪ ಹೋಮರ್ ಅಣುವಿದ್ಯುತ್ ಸ್ಥಾವರದ ನೌಕರ, ಸೋಮಾರಿ, ಹೊಟ್ಟೆಬಾಕ. ಅಮ್ಮ ಮಾರ್ಜ್ ತಾಳ್ಮೆಯ ಹೆಂಗಸು. ಮಗ ಬಾರ್ಟ್ ಮಹಾ ತುಂಟ, ಮಗಳು ಲೀಸಾ ಬುದ್ಧಿವಂತೆ, ಮ್ಯಾಗಿ ಇನ್ನೂ ಹಸುಗೂಸು. ಇವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾರೆ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಾರೆ. ಪ್ರಸಂಗದ ಹೊತ್ತಿಗೆ ಹೋಮರ್ ನಿದ್ದೆ ಹೋಗುತ್ತಾನೆ ಎನ್ನುವುದು ಬೇರೆ ಮಾತು.

ಆರಂಭದಲ್ಲಿ ಹಿರಿಯರಿಗೆ ಇದು ಹಿಡಿಸಲಿಲ್ಲ. ಬಾರ್ಟ್‌ನ ಚಿತ್ರವಿರುವ ಟೀ ಶರ್ಟುಗಳನ್ನು ಕೆಲವು ಶಾಲೆಗಳು ನಿಷೇಧಿಸಿದವು. 1992ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಕ್ರೈಸ್ತ ಪ್ರಸಾರಕರ ಸಮ್ಮೇಳನದಲ್ಲಿ ಮಾತನಾಡುತ್ತಾ, ಅಮೆರಿಕದ ಕುಟುಂಬಗಳು ಸಿಂಪ್ಸನ್ನರಂತಾಗದೆ ವಾಲ್ಟನ್ನರಂತಾಗಬೇಕು ಎಂದರು. ವಾಲ್ಟನ್ನರು 1930ರ ದಶಕದ ಆರ್ಥಿಕ ಕುಸಿತದ ಕಾಲದ ಸಭ್ಯ ಕುಟುಂಬವಾಗಿ ಇನ್ನೊಂದು ಧಾರಾವಾಹಿಯಲ್ಲಿ ಬಂದವರು. ಮೂರೇ ದಿನಗಳಲ್ಲಿ, ಹಳೆಯ ಕಂತೊಂದರ ಮರುಪ್ರಸಾರದ ಮೊದಲು ಬಾರ್ಟ್ ಉತ್ತರ ಕೊಟ್ಟ: ನಾವೂ ವಾಲ್ಟನ್ನರ ಹಾಗೆಯೇ, ಈ ಕುಸಿತ ಮುಗಿಯಲಿ ಎಂದು ಪ್ರಾರ್ಥಿಸುತ್ತಿದ್ದೇವೆ ಎಂದು. ಆಗ ಅಮೆರಿಕದಲ್ಲಿ ಜನ ಕೆಲಸ ಕಳೆದುಕೊಂಡು ಕಷ್ಟದಲ್ಲಿದ್ದರು. ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು.

ಒಂದು ಪದವನ್ನು ಅಳಿಸಿದ್ದು

ಕಥೋಲಿಕರಿಗೆ ನಿಜವಾಗಿ ನೋವಾದದ್ದು 1998ರ ನವೆಂಬರಿನ ಒಂದು ಕಂತಿನಿಂದ. ಹಸಿದ ಬಾರ್ಟ್, ನಾವು ಕಥೋಲಿಕರಾದರೆ ಚರ್ಚಿನಲ್ಲೇ ರೊಟ್ಟಿಯೂ ದ್ರಾಕ್ಷಾರಸವೂ ಸಿಗುತ್ತದಲ್ಲ ಎಂದು ಅಮ್ಮನನ್ನು ಕೇಳುತ್ತಾನೆ. ಬೇಡಪ್ಪ, ಮೂರು ಮಕ್ಕಳೇ ಸಾಕು ಎನ್ನುತ್ತಾಳೆ ಮಾರ್ಜ್. ಪರಮಪ್ರಸಾದದ ಬಗ್ಗೆ ಇಂಥ ಮಾತು ಕೇಳಿದರೆ ನಮಗೂ ಇರಿಸುಮುರಿಸಾಗುತ್ತದೆ. 'ಕ್ಯಾಥೊಲಿಕ್ ಲೀಗ್' ಎಂಬ ಸಂಘಟನೆ ವಾಹಿನಿಗೆ ಪ್ರತಿಭಟನೆಯ ಪತ್ರ ಬರೆಯಿತು.

ಎರಡು ತಿಂಗಳಲ್ಲಿ, 1999ರ ಜನವರಿ 31ರಂದು, ಇನ್ನೊಂದು ಕಂತು ಬಂತು. ಅದರಲ್ಲಿ ಟಿವಿ ಜಾಹೀರಾತುಗಳ ಅಣಕವೊಂದಿತ್ತು. ಪೆಟ್ರೋಲ್ ಬಂಕಿನಲ್ಲಿ ಅರೆಬಟ್ಟೆಯ ಹುಡುಗಿಯರು ಕುಣಿಯುತ್ತಾರೆ, ಕೊನೆಗೆ ನೋಡಿದರೆ ಅದು ಕಥೋಲಿಕ ಸಭೆಯ ಜಾಹೀರಾತು! ಮತ್ತೆ ದೂರು ಹೋಯಿತು. ಈ ಸಲ ಫಾಕ್ಸ್ ವಾಹಿನಿ ಮಣಿಯಿತು. ಮರುಪ್ರಸಾರದಲ್ಲಿ 'ಕಥೋಲಿಕ' ಎಂಬ ಪದವನ್ನು ತೆಗೆದು ಬರೀ 'ಚರ್ಚ್' ಎಂದು ಉಳಿಸಿದರು. ದೃಶ್ಯ ಮಾತ್ರ ಹಾಗೆಯೇ ಇತ್ತು. ನಿರ್ಮಾಪಕ ಮೈಕ್ ಸ್ಕಲಿ ಇದನ್ನು ಒಪ್ಪಲಿಲ್ಲ. ಬೇರೆ ಸಭೆಗಳ ಬಗ್ಗೆ ನಗಬಹುದು, ಕಥೋಲಿಕರ ಬಗ್ಗೆ ಮಾತ್ರ ಬೇಡ ಎನ್ನುವುದು ಯಾವ ನ್ಯಾಯ ಎಂಬ ಪ್ರಶ್ನೆ ಪತ್ರಿಕೆಗಳಲ್ಲೂ ಎದ್ದಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ನೋವಾದವರು ದೂರು ಕೊಟ್ಟದ್ದು ತಪ್ಪಲ್ಲ. ಆದರೆ ಒಂದು ಪದ ಅಳಿಸಿದ್ದರಿಂದ ಆದದ್ದೇನು? ತಮಾಷೆ ಮಾಡಿದವರಿಗೆ ಪರಮಪ್ರಸಾದವೆಂದರೆ ಏನೆಂದು ತಿಳಿಯಲಿಲ್ಲ, ನೋಡಿದವರಿಗೂ ತಿಳಿಯಲಿಲ್ಲ. ಕಥೋಲಿಕರಿಗೆ ಸಿಟ್ಟು ಬೇಗ ಬರುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಪೋಪರ ನಿಧನ, ತಡವಾದ ಕಂತು

ಈಗ ನಮ್ಮ ಮುಖ್ಯ ಕಥೆಗೆ ಬರೋಣ. 2005ರಲ್ಲಿ ಅದೇ ಧಾರಾವಾಹಿಯವರು ಒಂದಿಡೀ ಕಂತನ್ನು ಕಥೋಲಿಕರ ಮೇಲೆಯೇ ಮಾಡಿದರು. ಅದರ ಹೆಸರೇ ತ್ರಿತ್ವದ ಹೆಸರಿನ ಅಣಕ: ಪಿತ, ಸುತ ಮತ್ತು ಪವಿತ್ರ ಅತಿಥಿ ನಟ. ಏಪ್ರಿಲ್ 10ಕ್ಕೆ ಪ್ರಸಾರವಾಗಬೇಕಿತ್ತು. ಏಪ್ರಿಲ್ 2ರಂದು ಪೋಪ್ ಎರಡನೇ ಜಾನ್ ಪೌಲ್ ತೀರಿಕೊಂಡರು. ಜಗತ್ತೇ ದುಃಖದಲ್ಲಿದ್ದಾಗ ಇದು ಬೇಡವೆಂದು ಕಂತನ್ನು ಮುಂದೂಡಿ ಮೇ 15ರಂದು ತೋರಿಸಿದರು. ನಗಿಸುವುದೇ ಕೆಲಸವಾದವರೂ ಸಾವಿನ ಮನೆಯ ಮುಂದೆ ಧ್ವನಿ ತಗ್ಗಿಸಿದರು.

ಕಥೆ ಹೀಗಿದೆ. ಮಾಡದ ತಪ್ಪಿಗೆ ಬಾರ್ಟ್‌ನನ್ನು ಶಾಲೆಯಿಂದ ಹೊರಹಾಕುತ್ತಾರೆ. ಅಮ್ಮ ಅವನನ್ನು ಸಂತ ಜೆರೋಮರ ಹೆಸರಿನ ಕಥೋಲಿಕ ಶಾಲೆಗೆ ಸೇರಿಸುತ್ತಾಳೆ. ಅಲ್ಲಿ ಫಾದರ್ ಶಾನ್ ಎಂಬ ಐರಿಷ್ ಗುರುಗಳು ಸಿಗುತ್ತಾರೆ. ಇವರಿಗೆ ಧ್ವನಿ ಕೊಟ್ಟವರು ಪ್ರಸಿದ್ಧ ನಟ ಲಿಯಾಮ್ ನೀಸನ್. ಸ್ವಾಮಿಯವರು ಬೈಯುವುದಿಲ್ಲ, ಸಂತರ ಕಥೆಗಳ ಕಾಮಿಕ್ಸ್ ಪುಸ್ತಕ ಕೊಡುತ್ತಾರೆ. ತುಂಟ ಹುಡುಗ ಅದರಲ್ಲಿ ಮುಳುಗಿಹೋಗುತ್ತಾನೆ. ಜಗಳಕ್ಕೆಂದು ಹೋದ ಹೋಮರ್ ಕೂಡ ಅಲ್ಲಿನ ಊಟಕ್ಕೆ ಮತ್ತು ಪಾಪನಿವೇದನೆಗೆ ಮನಸೋಲುತ್ತಾನೆ. ಇಬ್ಬರೂ ಕಥೋಲಿಕರಾಗಲು ಹೊರಡುತ್ತಾರೆ.

ಈಗ ಮಾರ್ಜ್‌ಗೆ ಭಯ. ಭಾನುವಾರ ಅವಳು ಗಂಡ, ಮಗನಿಲ್ಲದೆ ತನ್ನ ಚರ್ಚಿನಲ್ಲಿ ಕೂರಬೇಕು. ಕನಸಿನಲ್ಲಿ ಅವಳಿಗೆ ಸ್ವರ್ಗವೂ ಎರಡಾಗಿ ಕಾಣುತ್ತದೆ. ಪ್ರೊಟೆಸ್ಟೆಂಟರ ಸ್ವರ್ಗದಲ್ಲಿ ಶಿಸ್ತಿನ ಜನ ಸದ್ದಿಲ್ಲದೆ ಆಟವಾಡುತ್ತಿದ್ದಾರೆ. ಕಥೋಲಿಕರ ಸ್ವರ್ಗದಲ್ಲಿ ಇಟಲಿಯವರು, ಐರ್ಲೆಂಡಿನವರು, ಮೆಕ್ಸಿಕೋದವರು ಸೇರಿ ಊಟ, ಕುಣಿತ, ಗದ್ದಲ! ಕೊನೆಗೆ ಎರಡು ಕಡೆಯವರೂ ಎದುರುಬದುರು ನಿಂತು ಜಗಳಕ್ಕೆ ಸಿದ್ಧರಾದಾಗ, ನಮ್ಮ ನಡುವಿನ ಸಣ್ಣ ವ್ಯತ್ಯಾಸಗಳಿಗಿಂತ ನಾವು ಒಂದೇ ಎನ್ನುವ ವಿಷಯ ದೊಡ್ಡದು ಎಂದು ಬಾರ್ಟ್ ಹೇಳುತ್ತಾನೆ. ಎಲ್ಲರೂ ಒಪ್ಪುತ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಾವಿರ ವರ್ಷ ಕಳೆದ ಮೇಲೆ ಬಾರ್ಟ್‌ನ ಅನುಯಾಯಿಗಳೇ ಎರಡು ಬಣವಾಗಿ ಯುದ್ಧ ಮಾಡುತ್ತಿದ್ದಾರೆ. ಅವನು ಬೋಧಿಸಿದ್ದು ಪ್ರೀತಿ, ಸಹನೆ ಎಂದು ಒಂದು ಬಣ. ಅಲ್ಲ, ತಿಳಿವಳಿಕೆ, ಶಾಂತಿ ಎಂದು ಇನ್ನೊಂದು ಬಣ. ಇದನ್ನು ನೋಡಿ ನಾವು ಮೊದಲು ನಕ್ಕೆವು, ಆಮೇಲೆ ನಾಚಿಕೆಯಾಯಿತು.

ವ್ಯಾಟಿಕನ್ ಏನು ಹೇಳಿತು?

ಐದು ವರ್ಷದ ನಂತರ ಜೆಸ್ವಿತರ ಪತ್ರಿಕೆ 'ಲಾ ಚಿವಿಲ್ತಾ ಕತ್ತೋಲಿಕಾ'ದಲ್ಲಿ ಫಾದರ್ ಫ್ರಾಂಚೆಸ್ಕೊ ಒಕೆಟ್ಟಾ ಈ ಕಂತನ್ನು ವಿಮರ್ಶಿಸಿದರು. ವಿಶ್ವಾಸ, ಧರ್ಮ, ದೇವರ ಪ್ರಶ್ನೆಗಳು ಮತ್ತೆ ಮತ್ತೆ ಬರುವ ಕೆಲವೇ ಕಾರ್ಯಕ್ರಮಗಳಲ್ಲಿ ಇದೂ ಒಂದು. ಹೆತ್ತವರು ಹೆದರದೆ ಮಕ್ಕಳ ಜೊತೆ ಕೂತು ನೋಡಲಿ, ಅಲ್ಲಿಂದ ಮನೆಯ, ಶಾಲೆಯ, ಸಮಾಜದ ವಿಷಯ ಮಾತಿಗೆ ಬರಲಿ ಎಂಬುದು ಅವರ ಅಭಿಪ್ರಾಯ. ಇದನ್ನೇ ಹಿಡಿದು 2010ರ ಅಕ್ಟೋಬರಿನಲ್ಲಿ ವ್ಯಾಟಿಕನ್ನಿನ ದಿನಪತ್ರಿಕೆ 'ಲೊಸ್ಸೆರ್ವತೋರೆ ರೊಮಾನೊ' ಹೋಮರ್ ಮತ್ತು ಬಾರ್ಟ್ ಕಥೋಲಿಕರು ಎಂಬ ತಲೆಬರಹದ ಲೇಖನ ಪ್ರಕಟಿಸಿತು.

ಸರಿ, ಜಗತ್ತಿನಾದ್ಯಂತ ಸುದ್ದಿಯೋ ಸುದ್ದಿ. ಹೋಮರ್ ಕಥೋಲಿಕನೆಂದು ವ್ಯಾಟಿಕನ್ ಘೋಷಿಸಿತು ಎಂದೇ ಅನೇಕ ಕಡೆ ಬಂತು. ಧಾರಾವಾಹಿಯ ನಿರ್ಮಾಪಕ ಅಲ್ ಜೀನ್ ಆಶ್ಚರ್ಯಪಟ್ಟರು. ಅವರು ಹೋಗುವುದು ಪ್ರೆಸ್ಬಿಲುಥೆರನ್ ಚರ್ಚಿಗೆ ಎಂದು ನೆನಪಿಸಿದರು. ಪ್ರೆಸ್ಬಿಟೇರಿಯನ್ ಮತ್ತು ಲುಥೆರನ್ ಎರಡನ್ನೂ ಬೆರೆಸಿ ಹುಟ್ಟಿಸಿದ ಕಲ್ಪಿತ ಸಭೆ ಅದು. ಹೋಮರ್‌ಗೆ ಶುಕ್ರವಾರ ಮಾಂಸ ಬಿಡುವುದು ಆಗದ ಮಾತು ಎಂದೂ ಚಟಾಕಿ ಹಾರಿಸಿದರು. ಪತ್ರಿಕೆ ಬರೆದದ್ದು ಅರ್ಧ ವಿನೋದದ ಲೇಖನ, ಧರ್ಮಸಭೆಯ ಬೋಧನೆ ಅಲ್ಲ. ವಾಟ್ಸಾಪಿನಲ್ಲಿ ಬಂದ ತಲೆಬರಹ ಓದಿ ಕೂಡಲೇ ಫಾರ್ವರ್ಡ್ ಮಾಡುವ ನಮಗೆ ಇದೂ ಒಂದು ಪಾಠ.

ಎಲ್ಲ ನಗೆಯೂ ಒಂದೇ ಅಲ್ಲ

ಹಾಗಾದರೆ ಎಲ್ಲವನ್ನೂ ನಕ್ಕು ಬಿಡಬೇಕೇ? ಇಲ್ಲ. ಇದೇ ಧಾರಾವಾಹಿಯಲ್ಲಿ ಅಪು ಎಂಬ ಭಾರತೀಯ ಅಂಗಡಿಯವನಿದ್ದಾನೆ. ಅವನ ಎಳೆದ ಇಂಗ್ಲಿಷನ್ನು ಆಡುತ್ತಿದ್ದವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳನ್ನು ಶಾಲೆಯಲ್ಲಿ ಆ ದನಿಯಿಂದಲೇ ಹಂಗಿಸುತ್ತಿದ್ದರು. ಹರಿ ಕೊಂಡಬೋಲು ಎಂಬ ಹಾಸ್ಯಗಾರ 2017ರಲ್ಲಿ ಈ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿ, ನೋವು ಎಲ್ಲಿದೆ, ಯಾಕೆ ಎಂದು ವಿವರಿಸಿದರು. 2018ರ ಏಪ್ರಿಲ್‌ನ ಒಂದು ಕಂತಿನಲ್ಲಿ ಧಾರಾವಾಹಿಯವರು ಅದನ್ನು ಹಗುರವಾಗಿ ತಳ್ಳಿಹಾಕಿದಾಗ ಟೀಕೆ ಇನ್ನೂ ಹೆಚ್ಚಿತು. 2020ರಲ್ಲಿ ಅಜಾರಿಯಾ ತಾನಿನ್ನು ಅಪುವಿಗೆ ಧ್ವನಿ ಕೊಡುವುದಿಲ್ಲ ಎಂದರು. 1999ರಲ್ಲಿ ಹೋದದ್ದು ಒಂದು ಪದ ಮಾತ್ರ. ಇಲ್ಲಿ ಮನಸ್ಸೇ ಬದಲಾಯಿತು, ಯಾಕೆಂದರೆ ನೊಂದವರು ಬಾಯಿ ಮುಚ್ಚಿಸಲು ಹೋಗದೆ ತಮ್ಮ ಕಥೆಯನ್ನು ಹೇಳಿದರು.

ನಮ್ಮ ಕಾಸರಗೋಡಿನ ಕಡೆ ಇದು ನಮಗೆ ಬೇಗ ಅರ್ಥವಾಗಬೇಕು. ಕೇರಳದಲ್ಲಿ ಕನ್ನಡ ಮಾತನಾಡುವವರು ನಾವು. ನಮ್ಮ ಮಲಯಾಳ ಕೇಳಿ ಬಸ್ಸಿನಲ್ಲಿ ಯಾರಾದರೂ ನಕ್ಕರೆ ಹೇಗಾಗುತ್ತದೆಂದು ಗೊತ್ತು. ಹಾಗೆಯೇ, ನಾವು ಯಾರ ಮೇಲೆ ನಗುತ್ತೇವೆಂದೂ ನೋಡಿಕೊಳ್ಳಬೇಕು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಈ ಕರಾವಳಿಯಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಅಕ್ಕಪಕ್ಕ ಇದ್ದಾರೆ. 1999ರಲ್ಲಿ ಕಥೋಲಿಕರೂ ಲುಥೆರನ್ನರೂ ಆಗ್ಸ್‌ಬರ್ಗ್‌ನಲ್ಲಿ ಕುಳಿತು ನೂರಾರು ವರ್ಷಗಳ ವಿವಾದವೊಂದರ ಮೇಲೆ ಜಂಟಿ ಹೇಳಿಕೆಗೆ ಸಹಿ ಹಾಕಿದರು. ಆದರೂ ಸಿಎಸ್‌ಐ ಮನೆಯಿಂದ ಹೆಣ್ಣು ತರುವ ಮಾತು ಬಂದರೆ ನಮ್ಮ ಮನೆಗಳಲ್ಲಿ ಈಗಲೂ ಮುಖ ಗಂಟಾಗುತ್ತದೆ. ಮಾರ್ಜ್‌ಳ ಎರಡು ಸ್ವರ್ಗದ ಕನಸು ನಮಗೂ ಬೀಳುತ್ತದೆ.

ಅಂದು ಪ್ರಶ್ನೆ ಕೇಳಿದ ಅಮ್ಮನಿಗೆ ನಮ್ಮ ಉತ್ತರ ಇಷ್ಟೇ: ಆಂಟಿ, ಇನ್ನು ಕದ್ದು ನೋಡುವುದಿಲ್ಲ. ನೀವೂ ಬನ್ನಿ, ಒಟ್ಟಿಗೆ ನೋಡೋಣ. ನಿಮಗೆ ಎಲ್ಲಿ ನೋವಾಯಿತೋ ಅಲ್ಲಿ ನಿಲ್ಲಿಸಿ ಹೇಳಿ, ನಾವು ಕೇಳುತ್ತೇವೆ. ನಮಗೆ ಯಾಕೆ ನಗು ಬಂತು ಎಂದು ನಾವೂ ಹೇಳುತ್ತೇವೆ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನೆಯ ವಾರ. ಆ ವಾರದ ಒಂದು ಸಂಜೆ ಈ ಕಂತನ್ನು ಪೂರ್ತಿ ನೋಡಿ ಮಾತನಾಡಲು ಸ್ವಾಮಿಯವರಲ್ಲಿ ಅನುಮತಿ ಕೇಳಲಿದ್ದೇವೆ. ನೆರೆಯ ಸಿಎಸ್‌ಐ ಯುವಜನರನ್ನೂ ಕರೆಯುವ ಆಸೆಯಿದೆ. ಚಹಾ, ಗೋಳಿಬಜೆ ನಮ್ಮದು.