ರುತ್‌ವೆಲ್ ಶಿಲುಬೆ: ಭಗ್ನಶಿಲೆಯ ಪುನರ್ರಚನೆ

ಸ್ಕಾಟ್ಲೆಂಡಿನ ನೈಋತ್ಯಕ್ಕಿರುವ ಡಂಫ್ರೀಸ್ ಸೀಮೆಯ ರುತ್‌ವೆಲ್ ಎಂಬ ಹಳ್ಳಿಯ ಚರ್ಚಿನಲ್ಲಿ ಸುಮಾರು 5.5 ಮೀಟರ್ ಎತ್ತರದ ಕಲ್ಲಿನ ಶಿಲುಬೆಯೊಂದಿದೆ. ಆ ಸೀಮೆಯು ಆಂಗ್ಲೋ-ಸ್ಯಾಕ್ಸನ್ನರ ನಾರ್ತಂಬ್ರಿಯಾ ರಾಜ್ಯಕ್ಕೆ ಸೇರಿದ್ದ 8ನೆಯ ಶತಮಾನದಲ್ಲಿ ಇದನ್ನು ಕಂಡರಿಸಲಾಯಿತೆಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಅಗಲವಾದ ಮುಖಗಳಲ್ಲಿ ಕ್ರಿಸ್ತನ ಪಾದಗಳನ್ನು ತಲೆಗೂದಲಿನಿಂದ ಒರೆಸುತ್ತಿರುವ ಸ್ತ್ರೀ, ಮರುಭೂಮಿಯಲ್ಲಿ ರೊಟ್ಟಿ ಮುರಿಯುತ್ತಿರುವ ಸನ್ಯಾಸಿಗಳಾದ ಪೌಲ ಮತ್ತು ಅಂತೋಣಿ ಮೊದಲಾದವರ ಉಬ್ಬುಶಿಲ್ಪಗಳಿವೆ. ಕಿರಿದಾದ ಮುಖಗಳಲ್ಲಿ ಹಣ್ಣು ಮೆಲ್ಲುವ ಹಕ್ಕಿ, ಮೃಗಗಳನ್ನು ಹೊತ್ತ ಬಳ್ಳಿಯ ಸುರುಳಿಯಿದೆ. ಶಿಲ್ಪಗಳ ಅಂಚಿನಲ್ಲಿ ಬಹುಪಾಲು ರೋಮನ್ ಲಿಪಿಯ ಲ್ಯಾಟಿನ್ ಬರಹವಿದ್ದರೆ, ಬಳ್ಳಿಯ ಅಂಚಿನಲ್ಲಿ ರೂನ್ ಲಿಪಿಯ ಹಳೆಯ ಇಂಗ್ಲಿಷ್ ಇದೆ.

ಇಂದು ಕಾಣುವ ರೂಪ ಮಾತ್ರ 8ನೆಯ ಶತಮಾನದ್ದಲ್ಲ. ವಿಗ್ರಹಾರಾಧನೆಯ ಕುರುಹುಗಳನ್ನು ನಾಶಪಡಿಸಬೇಕೆಂದು ಸ್ಕಾಟ್ಲೆಂಡಿನ ಚರ್ಚಿನ ಮಹಾಸಭೆ 1640ರಲ್ಲಿ ವಿಧಿಸಿತು. 1642ರಲ್ಲಿ ಶಿಲುಬೆಯನ್ನು ಕೆಡವಿ ಒಡೆಯಲಾಯಿತು. ತುಂಡುಗಳು ಬಹುಕಾಲ ಚರ್ಚಿನಲ್ಲಿಯೂ ಅದರ ಅಂಗಳದಲ್ಲಿಯೂ ಬಿದ್ದಿದ್ದವು. 1799ರಲ್ಲಿ ಇಲ್ಲಿಗೆ ಪಾದ್ರಿಯಾಗಿ ಬಂದ ಹೆನ್ರಿ ಡಂಕನ್ (ಉಳಿತಾಯ ಬ್ಯಾಂಕಿನ ಸ್ಥಾಪಕನೆಂದೇ ಈತ ಹೆಚ್ಚು ಪ್ರಸಿದ್ಧ) ಅವುಗಳನ್ನು ಕೂಡಿಸಿ 1823ರಲ್ಲಿ ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದ. ಅಡ್ಡತೋಳು ದೊರೆತಿರಲಿಲ್ಲ, ಹೊಸದನ್ನು ಕಡೆಸಿದ. ಶಿರೋಭಾಗದ ಕಲ್ಲನ್ನು ಹಿಂದುಮುಂದಾಗಿ ಕೂರಿಸಿದ. ಈ ತಪ್ಪಿನಿಂದಾಗಿ ಡಂಕನ್ನನನ್ನು ಹಳಿಯುವುದು ಸುಲಭ. ಆದರೆ ಅವನು ಕೈಹಾಕದಿದ್ದರೆ ಚರ್ಚಿಸಲು ಉಳಿಯುತ್ತಿದ್ದುದೇ ಅತ್ಯಲ್ಪ. 1887ರಲ್ಲಿ ಶಿಲುಬೆಯನ್ನು ಚರ್ಚಿನೊಳಕ್ಕೆ ಸಾಗಿಸಿ, ಎತ್ತರ ಹೊಂದಿಸಲು ನೆಲವನ್ನು ತಗ್ಗಿಸಿ ನಿಲ್ಲಿಸಲಾಯಿತು.

ರೂನ್ ಬರಹಕ್ಕೆ ಹಲವು ತಪ್ಪು ಅರ್ಥಗಳು ಬಂದ ಮೇಲೆ, ಅದು ಹಳೆಯ ಇಂಗ್ಲಿಷಿನ ಪದ್ಯವೆಂದು 1840ರಲ್ಲಿ ಜಾನ್ ಮಿಚೆಲ್ ಕೆಂಬಲ್ ತೋರಿಸಿದ. ಇಟಲಿಯ ವೆರ್ಚೆಲ್ಲಿಯಲ್ಲಿ 1822ರಲ್ಲಿ ಬೆಳಕಿಗೆ ಬಂದಿದ್ದ 10ನೆಯ ಶತಮಾನದ ಹಸ್ತಪ್ರತಿಯೊಂದರ ಕಾವ್ಯದಲ್ಲಿ ಅದೇ ಸಾಲುಗಳು ತುಸು ಭಿನ್ನವಾಗಿ ದೊರೆತವು. ಆ ಕಾವ್ಯದಲ್ಲಿ ಶಿಲುಬೆಯ ಮರವೇ ತನ್ನ ಕಥೆ ಹೇಳುತ್ತದೆ. ಸವೆದು ಹೋದ ಅಕ್ಷರಗಳನ್ನು ತುಂಬಿಕೊಳ್ಳಲು ಹಸ್ತಪ್ರತಿ ನೆರವಾಯಿತಾದರೂ, ಕಲ್ಲಿನ ಪಾಠಕ್ಕಿರುವ ಸ್ವತಂತ್ರ ಬೆಲೆ ಇದರಿಂದ ಮರೆಯಾಗಬಾರದು. ರೂನ್‌ಗಳನ್ನು ಶಿಲ್ಪಗಳ ತರುವಾಯ ಕೊರೆದಿರಬೇಕೆಂಬ ವಾದವೂ ಇದೆ.

ಕಂಬದ ಕೆಳಭಾಗಕ್ಕೂ ಮೇಲ್ಭಾಗಕ್ಕೂ ಬಳಸಿದ ಕಲ್ಲು ಬೇರೆ ಬೇರೆ. ಇದನ್ನಾಧರಿಸಿ ಫ್ರೆಡ್ ಆರ್ಟನ್, ಮೊದಲಿಗೆ ಇದು ಶಿಲುಬೆಯೇ ಆಗಿರದೆ ಬರಿಯ ಸ್ತಂಭವಾಗಿದ್ದಿರಬಹುದೆಂದು ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ದೂರದಿಂದಲೇ ಇದನ್ನು ಶಿಲುಬೆಯೆಂದು ಸಾರುವ ಅಡ್ಡತೋಳಂತೂ ಡಂಕನ್ ಮಾಡಿಸಿದ್ದು.